ಬಚ್ಚಲ ಹಂಡೆಯಿಂದ ಹೀಟ್ ಪಂಪಿನವರೆಗೆ

ಕತಾರಿಗೆ ಹೊಸದಾಗಿ ಬಂದವರಿಗೆ ಇಲ್ಲಿಯ ಬೇಸಿಗೆ ಕಲಿಸುವ ಮೊದಲ ಪಾಠವೆಂದರೆ ನಲ್ಲಿಯ ಪಾಠ. ಜೂನ್ ಬಂತೆಂದರೆ ನೀಲಿ ಚುಕ್ಕೆಯ 'ತಣ್ಣೀರು' ನಲ್ಲಿಯಲ್ಲಿ ಕೈ ಸುಡುವ ನೀರು ಸುರಿಯುತ್ತದೆ. ಟ್ಯಾಂಕೂ ಪೈಪುಗಳೂ ಹಗಲಿಡೀ ಬಿಸಿಲುಂಡು ಕಾದಿರುತ್ತವಲ್ಲ! ಅದಕ್ಕೆ ನಾವೆಲ್ಲ ಮಾಡುವ ಉಪಾಯ ನಿಮಗೂ ಗೊತ್ತಿರುವುದೇ. ಮೇ ತಿಂಗಳಿನಲ್ಲೇ ಗೀಸರಿನ ಸ್ವಿಚ್ ಆರಿಸಿಬಿಡುವುದು. ಎ.ಸಿ. ಇರುವ ಮನೆಯೊಳಗೆ ಕುಳಿತ ಗೀಸರಿನ ನೀರು ನಿಧಾನವಾಗಿ ತಣ್ಣಗಾಗುತ್ತದೆ. ಆಮೇಲೆ ಕೆಂಪು ಚುಕ್ಕೆಯದು ತಣ್ಣೀರು, ನೀಲಿ ಚುಕ್ಕೆಯದು ಬಿಸಿನೀರು. 2019ರ ಬೇಸಿಗೆಯಲ್ಲಿ ಅಮ್ಮ ನಮ್ಮಲ್ಲಿಗೆ ಬಂದಾಗ ಇದನ್ನು ವಿವರಿಸಿ ವಿವರಿಸಿ ಸಾಕಾಗಿತ್ತು. "ನಿಮ್ಮೂರಲ್ಲಿ ಎಲ್ಲಾ ತಿರುಗಾಮುರುಗ ಕಣೋ" ಎಂದು ಅವರು ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ.

ಹೀಗಾಗಿ ಲುಸೈಲಿನಲ್ಲಿ ವರ್ಷದ ಅರ್ಧ ಭಾಗ ಸ್ನಾನದ ಬಿಸಿನೀರಿಗೆ ಒಂದು ದಿರ್ಹಮ್ ಖರ್ಚಿಲ್ಲ. ಉಳಿದರ್ಧ ವರ್ಷಕ್ಕೆ ಗೀಸರ್ ಇದೆ, ಅದೂ ಬಾಡಿಗೆ ಮನೆಯ ಯಜಮಾನರದ್ದು. ಬಿಸಿನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಪ್ರಸಂಗವೇ ಇಲ್ಲಿ ನನಗೆ ಬಂದಿರಲಿಲ್ಲ. ಅದು ಬಂದದ್ದು ಮೈಸೂರಿನಿಂದ, ಎರಡೂವರೆ ಗಂಟೆ ಮುಂದಿರುವ ಗಡಿಯಾರದ ಕಡೆಯಿಂದ.

ಅದಕ್ಕೆ ಮೊದಲು ನಮ್ಮ ಮನೆಯ ಬಚ್ಚಲಿನ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ಅಮ್ಮನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಬಚ್ಚಲೆಂದರೆ ಮನೆಗಿಂತ ಬೆಚ್ಚಗಿನ ಇನ್ನೊಂದು ಮನೆ. ಒಲೆಯ ಮೇಲೆ ಕೂರಿಸಿ ಮಣ್ಣು ಮೆತ್ತಿದ ದೊಡ್ಡ ತಾಮ್ರದ ಹಂಡೆ. ಅದರ ಹೊಟ್ಟೆಯಡಿ ಸೌದೆ, ಅಡಿಕೆ ಸಿಪ್ಪೆ, ಒಣಗಿದ ಹಾಳೆ, ತೆಂಗಿನ ಮಟ್ಟೆ. ಮಳೆಗಾಲದಲ್ಲಿ ಆ ಒಲೆ ಆರಿದ್ದನ್ನು ನಾನು ಕಂಡಿಲ್ಲ. ಒದ್ದೆ ಬಟ್ಟೆ ಒಣಗುವುದೂ ಅಲ್ಲೇ, ಗೇರುಬೀಜ ಸುಡುವುದೂ ಅಲ್ಲೇ, ಬೆಕ್ಕು ಮರಿ ಹಾಕುವುದೂ ಅಲ್ಲೇ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೆಮ್ಮಣ್ಣು ಸುಣ್ಣದ ಗೆರೆ ಎಳೆದು, ಕಂಠಕ್ಕೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಿದ್ದರು. ಮರುದಿನ ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ನೀರು. ಕಣ್ಣಿಗೆ ಸೀಗೆಪುಡಿ, ಮೂಗಿಗೆ ಹೊಗೆ, ಬೆನ್ನಿಗೆ ಅಜ್ಜಿಯ ಗುದ್ದು. ಆ ಸುಖ ಯಾವ ಸ್ಪಾದಲ್ಲಿ ಸಿಕ್ಕೀತು?

ಆದರೆ ಆ ಹೊಗೆಯನ್ನು ಕುಡಿದವರು ಯಾರು ಎಂಬುದನ್ನು ನಾವು ಮೊಮ್ಮಕ್ಕಳು ಆಗ ಕೇಳಿಕೊಂಡಿರಲಿಲ್ಲ. ಊದುಕೊಳವೆ ಹಿಡಿದು ಬೆಳಿಗ್ಗೆ ನಾಲ್ಕಕ್ಕೆ ಒಲೆಯ ಮುಂದೆ ಕೂರುತ್ತಿದ್ದವರು ಅಜ್ಜಿ, ಅತ್ತೆ, ಅಮ್ಮ. ಮೈಸೂರಿನಲ್ಲಿ ಮನೆ ಕಟ್ಟಿಸಿದಾಗ ಅಮ್ಮ ಹಾಕಿದ ಒಂದೇ ಷರತ್ತು "ಬಚ್ಚಲಲ್ಲಿ ಒಲೆ ಬೇಡ" ಎಂಬುದಾಗಿತ್ತು. ಕೆಲವು ವರ್ಷ ನಡುವೆ ಇದ್ದಿಲು ಉರಿಸುವ ತಾಮ್ರದ ಬಾಯ್ಲರ್, ಆಮೇಲೆ ಬಕೆಟ್ಟಿಗೆ ಇಳಿಬಿಡುವ ಕಾಯ್ಲು, ಆಮೇಲೆ ಕರೆಂಟಿನ ಗೀಸರ್. ಲೋಡ್ ಶೆಡ್ಡಿಂಗಿನ ಕಾಟ ತಡೆಯಲಾರದೆ 2008ರಲ್ಲಿ ಅಪ್ಪ ಗ್ಯಾಸ್ ಗೀಸರ್ ಹಾಕಿಸಿದರು. ನಲ್ಲಿ ತಿರುಗಿಸಿದರೆ 'ಟಿಕ್ ಟಿಕ್ ಭಗ್' ಎಂದು ಹೊತ್ತಿಕೊಂಡು ಕ್ಷಣದಲ್ಲಿ ಬಿಸಿನೀರು. ಕರೆಂಟಿನ ಹಂಗಿಲ್ಲ. ಓಣಿಯವರೆಲ್ಲ ಬಂದು ನೋಡಿಕೊಂಡು ಹೋಗಿ ತಾವೂ ಹಾಕಿಸಿಕೊಂಡರು.

ಹದಿನೈದು ವರ್ಷ ಅದು ಚೆನ್ನಾಗಿಯೇ ನಡೆಯಿತು. 2023ರ ಡಿಸೆಂಬರಿನ ಒಂದು ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕಿಕೊಂಡು ಹೊರಬಂದವರು ಪಡಸಾಲೆಯ ಗೋಡೆ ಹಿಡಿದು ಹಾಗೇ ಕುಸಿದು ಕುಳಿತರಂತೆ. ಚಳಿ ಎಂದು ಬಚ್ಚಲ ಕಿಟಕಿ ಮುಚ್ಚಿದ್ದರು. ಗಾಳಿಗಿಂಡಿಗೆ ಸೊಳ್ಳೆ ಬಾರದಂತೆ ರಟ್ಟು ಸಿಕ್ಕಿಸಿ ಎಷ್ಟೋ ಕಾಲವಾಗಿತ್ತು. ಅಪ್ಪ ಬಿ.ಪಿ. ಕಡಿಮೆಯಾಗಿರಬೇಕೆಂದು ಉಪ್ಪು ಸಕ್ಕರೆ ನೀರು ಕೊಟ್ಟರು. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದರು. 98. "ಎಲ್ಲಾ ಸರಿ ಇದೆ" ಎಂದುಕೊಂಡರು. ಸಂಜೆ ವೀಡಿಯೋ ಕಾಲಿನಲ್ಲಿ ಅಮ್ಮ ಇದನ್ನು ನಮಗೆ ಹೇಳಿದ್ದೂ ಹುರುಳಿಕಾಯಿ ಪಲ್ಯದ ಸುದ್ದಿಯ ನಡುವೆ, "ಸ್ವಲ್ಪ ತಲೆಸುತ್ತು ಬಂದಿತ್ತು ಅಷ್ಟೆ" ಎಂದು. ವಾಕರಿಕೆ, ತಲೆನೋವು ಇನ್ನೂ ಇತ್ತು ಎಂಬುದು ನನ್ನ ಹೆಂಡತಿ ಅಡ್ಡಪ್ರಶ್ನೆ ಹಾಕಿದ ಮೇಲೆ ಹೊರಬಂತು. ಮರುದಿನ ಪಕ್ಕದ ರಸ್ತೆಯ ಡಾಕ್ಟರ ಬಳಿ ಹೋದಾಗ ಅವರು ನಾಡಿ ಹಿಡಿಯುವ ಮೊದಲೇ ಕೇಳಿದ ಪ್ರಶ್ನೆ, "ಬಚ್ಚಲೊಳಗೆ ಗ್ಯಾಸ್ ಗೀಸರ್ ಇದೆಯಾ?"

ಆ ಪ್ರಶ್ನೆಯ ಹಿಂದಿನ ವಿಷಯವನ್ನು ನಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ಏಕೆಂದರೆ ನಮ್ಮಲ್ಲಿ ಹಲವರ ಊರಿನ ಮನೆಗಳಲ್ಲಿ ಅದೇ ಯಂತ್ರ ಅದೇ ಜಾಗದಲ್ಲಿ ನೇತಾಡುತ್ತಿದೆ. ಗ್ಯಾಸ್ ಉರಿಯಲು ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಕಾಯಿಸುವ ಗೀಸರ್ ಕಾಲು ಗಂಟೆ ಉರಿದರೆ ಸುಮಾರು ಕಾಲು ಕಿಲೋ ಗ್ಯಾಸ್ ಸುಡುತ್ತದೆ. ಅಷ್ಟು ಸುಡಲು ಸುಮಾರು ಮೂರು ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಒಟ್ಟು ಗಾಳಿಯೇ ಏಳು ಘನ ಮೀಟರಿಗೂ ಕಡಿಮೆ. ಅಂದರೆ ಬಾಗಿಲು ಕಿಟಕಿ ಮುಚ್ಚಿ ಒಂದು ಸ್ನಾನ ಮುಗಿಸುವಷ್ಟರಲ್ಲಿ ಒಳಗಿನ ಗಾಳಿಯ ಹೆಚ್ಚುಕಡಿಮೆ ಅರ್ಧದ ಆಮ್ಲಜನಕವನ್ನು ಗೀಸರೇ ತಿಂದಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಎಚ್ಚರಿಕೆಯೇನೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಮೋಸವೆಂದರೆ, ಬೆರಳಿನ ಆಕ್ಸಿಮೀಟರಿಗೆ ಆಮ್ಲಜನಕ ಹೊತ್ತ ರಕ್ತವೂ ಈ ವಿಷ ಹೊತ್ತ ರಕ್ತವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅಪ್ಪ ನೋಡಿದ 98ಕ್ಕೆ ಅರ್ಥವೇ ಇರಲಿಲ್ಲ. ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದೇ ಹೆಸರಿಟ್ಟು ಬರೆದಿದ್ದಾರೆ. ಚಳಿಗಾಲದಲ್ಲಿ ಸ್ನಾನಕ್ಕೆ ಹೋದವರು ಬರಲಿಲ್ಲ ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿ ಪುಟ ತಿರುಗಿಸಿದ್ದೇವೆ. ಅಮ್ಮ ತಾವೇ ಚಿಲಕ ತೆಗೆದುಕೊಂಡು ಹೊರಗೆ ಬಂದದ್ದು ನಮ್ಮ ಪುಣ್ಯ.

ಅಂದು ರಾತ್ರಿ ನಾನು ಲುಸೈಲಿನ ಬಾಲ್ಕನಿಯಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ಎರಡೇ ಮಾತು. ನಾಳೆಯಿಂದ ಅದನ್ನು ಹೊತ್ತಿಸಬೇಡಿ. ಅಡಿಗೆಮನೆಯಲ್ಲಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿ, ಉಳಿದದ್ದು ಆಮೇಲೆ ನೋಡೋಣ. ಅಪ್ಪ ಒಪ್ಪಿದರು. ಆದರೆ ಈ 'ಆಮೇಲೆ' ಇದೆಯಲ್ಲ, ಅದಕ್ಕೆ ಮೂರು ತಿಂಗಳು ಹಿಡಿಯಿತು. ಪರದೇಶದಲ್ಲಿ ಕುಳಿತು ಊರಿನ ಮನೆಯ ಒಂದು ಮೊಳೆ ಬದಲಾಯಿಸುವುದೂ ಎಷ್ಟು ಕಷ್ಟ ಎಂಬುದು ನಿಮಗೆಲ್ಲ ಗೊತ್ತು.

ಮೊದಲು ಸೋಲಾರ್ ಯೋಚನೆ. ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಗದಿತ ಅಳತೆಯ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಎಂದು ನಮ್ಮ ರಾಜ್ಯ ಸರ್ಕಾರ 2007ರಷ್ಟು ಹಿಂದೆಯೇ ಆದೇಶ ಮಾಡಿತ್ತು. ಬೆಂಗಳೂರಿನ ತಾರಸಿಗಳನ್ನು ವಿಮಾನದಿಂದ ನೋಡಿದರೆ ಸಾಕು. ಜಾಗವಿದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ನಮ್ಮ ಮನೆಯ ದಕ್ಷಿಣಕ್ಕೆ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೇ ಬಾಗುವವನು. ನಮಗೆ ಬಿಸಿನೀರು ಬೇಕಾದ ತಿಂಗಳಿನಲ್ಲೇ ತಾರಸಿಗೆ ನೆರಳು. ಮತ್ತೆ ಕರೆಂಟಿನ ಮಾಮೂಲಿ ಗೀಸರ್ ಹಾಕಿಸೋಣವೆಂದರೆ ಅಪ್ಪ ಗೃಹಜ್ಯೋತಿಯ ಲೆಕ್ಕ ತೆಗೆದರು. 2023ರಲ್ಲಿ ಬಂದ ಆ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಯೂನಿಟ್ ಉಚಿತ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆಯ ಸರಾಸರಿ 78. ಕಾಯ್ಲಿನ ಗೀಸರ್ ಹಾಕಿದರೆ ತಿಂಗಳಿಗೆ ಸುಮಾರು 120 ಸೇರುತ್ತದೆ. ಒಟ್ಟು 198! "ಮೊಮ್ಮಕ್ಕಳು ರಜಕ್ಕೆ ಬಂದ ತಿಂಗಳು ಏನು ಮಾಡೋದು?" ಎಂದರು. ನಿವೃತ್ತ ಗಣಿತ ಮೇಷ್ಟ್ರ ಜೊತೆ ವಾದ ಮಾಡುವುದು ಕಷ್ಟ.

ಹೀಗೆ ಬಂದದ್ದು ಹೀಟ್ ಪಂಪಿನ ಮಾತು. ಹೆಸರು ಹೊಸದಾದರೂ ಮರ್ಮ ಹಳೆಯದು. ಇದು ತಿರುಗಿಸಿ ಇಟ್ಟ ಫ್ರಿಜ್ಜು ಎನ್ನಿ. ಫ್ರಿಜ್ಜು ತನ್ನ ಹೊಟ್ಟೆಯೊಳಗಿನ ಶಾಖವನ್ನು ಹೀರಿ ಬೆನ್ನಿನಿಂದ ಹೊರಗೆ ಬಿಡುತ್ತದೆ. ಹೀಟ್ ಪಂಪು ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿನೊಳಗೆ ಬಿಡುತ್ತದೆ. ಒಳಗೆ ಓಡಾಡುವ ದ್ರವ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುವಂಥದ್ದು. ಆದ್ದರಿಂದ ಮೈಸೂರಿನ ಡಿಸೆಂಬರಿನ ಗಾಳಿಯೂ ಅದಕ್ಕೆ ಬೆಂಕಿಯಿದ್ದಂತೆ! ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿ ಮಾಡುತ್ತದೆ, ಅದು ಟ್ಯಾಂಕಿನ ನೀರಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಕರೆಂಟು ಶಾಖವನ್ನು ಹುಟ್ಟಿಸುವುದಿಲ್ಲ, ಬರೀ ಹೊತ್ತು ಸಾಗಿಸುತ್ತದೆ. ಹೊರುವ ಕೂಲಿ ಕಡಿಮೆಯಾದ್ದರಿಂದ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ನೀರಿಗೆ ಸೇರುತ್ತದೆ. ಹೀಗೆ ಮನೆ ಬೆಚ್ಚಗಿಡಬಹುದು ಎಂದು ಲಾರ್ಡ್ ಕೆಲ್ವಿನ್ 1852ರಲ್ಲೇ ಬರೆದಿದ್ದರು. ಜ್ಯೂರಿಕ್ ನಗರದ ಪುರಭವನಕ್ಕೆ 1938ರಲ್ಲೇ ಇಂಥ ಯಂತ್ರ ಬಂತು. ಜಪಾನಿನವರು 2001ರಿಂದ ಸ್ನಾನದ ನೀರಿಗೆ ಇದನ್ನೇ ಮನೆಮನೆಗೆ ಹಾಕುತ್ತಿದ್ದಾರೆ. ಅಪ್ಪ ಅಮ್ಮ ಇಬ್ಬರಿಗೆ ದಿನಕ್ಕೆ ನೂರು ಲೀಟರ್ ಬಿಸಿನೀರು ಸಾಕು. 25 ಡಿಗ್ರಿಯ ನೂರು ಲೀಟರನ್ನು 55ಕ್ಕೆ ಏರಿಸಲು ಬೇಕಾದ ಶಾಖ ಮೂರೂವರೆ ಯೂನಿಟ್. ಹೀಟ್ ಪಂಪಿಗೆ ಅದು ಒಂದೂ ಕಾಲು ಯೂನಿಟ್ಟಿನ ಕೆಲಸ. ತಿಂಗಳಿಗೆ 35ರಿಂದ 40 ಯೂನಿಟ್.

ಅಪ್ಪನಿಗೆ ಇದು ಅರ್ಥವಾಗಲು ಲುಸೈಲ್ ಸಹಾಯಕ್ಕೆ ಬಂತು. ನಮ್ಮ ಕಟ್ಟಡಗಳ ಬಾಲ್ಕನಿಗಳಲ್ಲಿ ಎ.ಸಿ.ಯ ಹೊರಡಬ್ಬಿಗಳಿಲ್ಲದ್ದನ್ನು ಅವರು 2019ರಲ್ಲೇ ಗಮನಿಸಿ "ತಂಪು ಎಲ್ಲಿಂದ ಬರುತ್ತೆ?" ಎಂದು ಕೇಳಿದ್ದರು. ಇಲ್ಲಿ ಮರಾಫೆಕ್ ಸಂಸ್ಥೆಯ ದೊಡ್ಡ ಸ್ಥಾವರಗಳಲ್ಲಿ ನೀರನ್ನು ತಣ್ಣಗೆ ಮಾಡಿ ನೆಲದಡಿಯ ಕೊಳವೆಗಳಲ್ಲಿ ಇಡೀ ಊರಿಗೆ ಹರಿಸುತ್ತಾರೆ. ಆ ನೀರು ನಮ್ಮ ಪಡಸಾಲೆಯ ಶಾಖವನ್ನು ಹೊತ್ತು ವಾಪಸ್ಸು ಹೋಗುತ್ತದೆ, ಸ್ಥಾವರ ಅದನ್ನು ಆಕಾಶಕ್ಕೆ ಬಿಡುತ್ತದೆ. "ಅಪ್ಪಾ, ಅದೇ ಯಂತ್ರ ಇದು. ಅಲ್ಲಿ ಶಾಖ ಕಸ, ಇಲ್ಲಿ ಶಾಖ ಬೆಳೆ" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಹಾಗಾದರೆ ಅಷ್ಟೂ ಶಾಖವನ್ನು ಯಾಕೆ ದಂಡ ಮಾಡ್ತೀರಿ?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಅದನ್ನು ಕೊಳ್ಳುವವರಾದರೂ ಯಾರು?

ಇನ್ನೊಂದು ಪ್ರಶ್ನೆ ಊರಿನ ನೆಂಟರದ್ದು. "ನಿಮ್ಮ ಕತಾರಿನ ಗ್ಯಾಸನ್ನೇ ನಾವು ಉರಿಸೋದು, ನೀನೇ ಬೇಡ ಅಂತೀಯಲ್ಲ!" ಮಾತಿನಲ್ಲಿ ಅರ್ಧ ಸತ್ಯವಿದೆ. 1999ರಲ್ಲಿ ಆದ ಒಪ್ಪಂದದಂತೆ 2004ರಲ್ಲಿ 'ದಿಶಾ' ಹಡಗು ರಾಸ್ ಲಫ್ಫಾನಿನಿಂದ ಗುಜರಾತಿನ ದಹೇಜಿಗೆ ಎಲ್.ಎನ್.ಜಿ. ಹೊತ್ತು ಹೋಯಿತು, ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದ ಅದು, 2024ರ ಫೆಬ್ರವರಿಯಲ್ಲಿ ಅದನ್ನು 2048ರವರೆಗೆ ಮುಂದುವರಿಸಲು ಸಹಿಯಾಯಿತು. ಆದರೆ ಅದು ಕೊಳವೆಯಲ್ಲಿ ಹರಿಯುವ ಮೀಥೇನ್. 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಕೊಳವೆಯಲ್ಲಿರುವುದು ಆ ಜಾತಿಯದ್ದು. ಮನೆಯ ಕೆಂಪು ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್ ಬೆರೆತ ಎಲ್.ಪಿ.ಜಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಭಾರತ ಹೊರಗಿನಿಂದಲೇ ತರಿಸುತ್ತಾ ಬಂದಿದೆ, ಬಹುಪಾಲು ಈ ಕೊಲ್ಲಿಯಿಂದಲೇ. ಇರಲಿ, ಗ್ಯಾಸಿನ ಮೇಲೆ ನನಗೆ ಹಗೆಯಿಲ್ಲ. ಈ ನಾಡಿನಲ್ಲಿ ನಾವು ಉಣ್ಣುವ ಅನ್ನದ ಹಿಂದೆ ಅದೇ ಇದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಬೇಡ, ಅಷ್ಟೆ.

ಕೊನೆಗೆ ದುಡ್ಡಿನ ಲೆಕ್ಕ. ನೂರೈವತ್ತು ಲೀಟರಿನ ಯಂತ್ರ, ಪೈಪು, ಅರ್ಥಿಂಗು, ಕೂಲಿ ಎಲ್ಲ ಸೇರಿ ಹತ್ತಿರ ಹತ್ತಿರ 80,000 ರೂಪಾಯಿ. ಅಪ್ಪ ಹಾಳೆಯ ಮೇಲೆ ಬರೆದರು. ಗ್ಯಾಸಿನಲ್ಲಿ ಸ್ನಾನಕ್ಕೆಂದೇ ನಲವತ್ತು ದಿನಕ್ಕೊಂದು ಸಿಲಿಂಡರ್, ತಿಂಗಳಿಗೆ 600 ರೂಪಾಯಿ. ಹೀಟ್ ಪಂಪಿನಲ್ಲಿ ಉಚಿತದ ಪಾಲು ಕಳೆದು ಹೆಚ್ಚುವರಿ ಯೂನಿಟ್ಟಿಗೆ ತಿಂಗಳಿಗೆ 200. ಉಳಿತಾಯ 400. ಹಾಕಿದ ದುಡ್ಡು ವಾಪಸ್ಸು ಬರಲು ಇನ್ನೂರು ತಿಂಗಳು, ಅಂದರೆ ಹದಿನೇಳು ವರ್ಷ. "ನನಗೀಗ 76. ಲೆಕ್ಕ ಚುಕ್ತಾ ಆಗೋಕೆ 93 ಆಗಬೇಕು" ಎಂದು ಪೆನ್ನು ಕೆಳಗಿಟ್ಟರು. ಒಳಗಿನಿಂದ ಅಮ್ಮನ ದನಿ ಬಂತು: "ಹಾಗಾದರೆ 93ರ ತನಕ ಇರಿ."

ಯಂತ್ರ ಬಂದದ್ದು 2024ರ ಮಾರ್ಚಿನಲ್ಲಿ. ಕೂಡಿಸಿದ್ದು ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮೇಲೆ ತಗಡಿನ ಮಾಡು ಇರುವಲ್ಲಿ. ನಾನು ಇಲ್ಲಿಂದ ವೀಡಿಯೋದಲ್ಲಿ ಮೇಸ್ತ್ರಿಕೆ. ಬಂದ ಹುಡುಗ ಮೊದಲು ಅದನ್ನು ಗೋಡೆಗೆ ಒತ್ತಿಯೇ ನಿಲ್ಲಿಸಿದ್ದ. ಇದು ಉಸಿರಾಡುವ ಯಂತ್ರ, ಗಾಳಿಗೆ ಜಾಗ ಬಿಡಪ್ಪ ಎಂದು ಅಪ್ಪನೇ ಸ್ಕೇಲು ಹಿಡಿದು ಸರಿಸಿಸಿದರು. ಹಳೆಯ ಮನೆಯ ಅರ್ಥಿಂಗು ಸರಿಯಿಲ್ಲದೆ ಮೊದಲ ವಾರ ಎರಡು ಸಲ ಟ್ರಿಪ್ ಆಯಿತು. ಹೊಸ ಅರ್ಥ್ ಗುಂಡಿ ತೋಡಿಸಿದ ಮೇಲೆ ಆ ತಕರಾರು ನಿಂತಿತು. ಸದ್ದು ಇದೆ, ಇಲ್ಲವೆಂದು ಹೇಳಲಾರೆ. ದೊಡ್ಡ ಫ್ರಿಜ್ಜು ಗೊರಕೆ ಹೊಡೆದಂತೆ. ಅದಕ್ಕೇ ಟೈಮರ್ ಇಟ್ಟು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಓಡಿಸುತ್ತಾರೆ. ಆಗ ಗಾಳಿ ಬೆಚ್ಚಗಿರುವುದರಿಂದ ಕರೆಂಟೂ ಕಡಿಮೆ. ಟ್ಯಾಂಕಿಗೆ ದಪ್ಪ ಹೊದಿಕೆ ಇರುವುದರಿಂದ ಬೆಳಗಿನ ಐದು ಗಂಟೆಗೂ ಅಮ್ಮನಿಗೆ ಬೇಕಾದಷ್ಟು ಬಿಸಿ ಇರುತ್ತದೆ. ಬೆಳಿಗ್ಗೆ ಕರೆಂಟು ಹೋದರೂ ಚಿಂತೆಯಿಲ್ಲ.

ಓಡುವಾಗ ಅದರ ಬಾಯಿಂದ ತಣ್ಣನೆ ಗಾಳಿ ಬರುತ್ತದೆ, ಅಡಿಯಿಂದ ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದೆ. ಅಪ್ಪ ಆ ನೀರಿಗೆ ತಂಬಿಗೆ ಇಟ್ಟು ಕರಿಬೇವಿನ ಗಿಡಕ್ಕೆ ಹಾಕುತ್ತಾರೆ. ಏಪ್ರಿಲಿನ ಸೆಕೆಯಲ್ಲಿ ಅಮ್ಮ ಮೊರ ಹಿಡಿದು ಅಕ್ಕಿ ಆರಿಸಲು ಅದರ ಮುಂದೆಯೇ ಕೂರುತ್ತಿದ್ದರಂತೆ. ಅಪ್ಪನ ಡೈರಿಯಲ್ಲಿ ಪ್ರತಿ ತಿಂಗಳ ಯೂನಿಟ್ ಇದೆ: ಮೇನಲ್ಲಿ 29, ಆಗಸ್ಟಿನಲ್ಲಿ 37, ಡಿಸೆಂಬರಿನಲ್ಲಿ 44. ಅಮ್ಮನ ದೂರು ಬೇರೆಯೇ ಇದೆ. ಹಂಡೆಯ ನೀರಿನ 'ಮೆತ್ತನೆ' ಇದರಲ್ಲಿಲ್ಲವಂತೆ. ಆ ಮಾತಿಗೆ ವಿಜ್ಞಾನದಲ್ಲಿ ಏನು ಆಧಾರವೋ ಕಾಣೆ, ಆದರೆ ನನಗೂ ಹಾಗೇ ಅನ್ನಿಸಿದೆ.

2024ರ ದೀಪಾವಳಿಗೆ ನಾವು ನಾಲ್ವರೂ ಮೈಸೂರಿನಲ್ಲಿದ್ದೆವು. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಸೀದಾ ಹಿತ್ತಿಲಿಗೆ ಹೋಗಿ, ಆ ಬಿಳಿ ಟ್ಯಾಂಕಿಗೆ ಕೆಮ್ಮಣ್ಣು ಸುಣ್ಣದ ಮೂರು ಗೆರೆ ಎಳೆದು, ಮಾರುಕಟ್ಟೆಯಲ್ಲಿ ಹಿಂಡ್ಲೆಕಾಯಿ ಸಿಗದೆ ಚೆಂಡು ಹೂವಿನ ಸರ ಕಟ್ಟಿದರು. ದೋಹಾದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಗ್ಯಾರಂಟಿ ಕಾರ್ಡಿನಲ್ಲಿ ಇದಕ್ಕೆ ಅಡ್ಡಿ ಇದೆಯೇ ಎಂದು ಓದಿ ನೋಡಿ ಇಲ್ಲವೆಂದಳು. ಹಳೆಯ ಗ್ಯಾಸ್ ಗೀಸರನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಪಕ್ಕದ ಮನೆಯವರು ಹೇಳಿದ್ದರು. ಅಪ್ಪ ಕೊಡಲಿಲ್ಲ. ಬರ್ನರ್ ಬಿಚ್ಚಿ, ತಾಮ್ರದ ಸುರುಳಿಯನ್ನು ಬೇರೆ ಮಾಡಿ ತೂಕಕ್ಕೆ ಹಾಕಿದರು.

ಮುಂದಿನ ರಜೆಯಲ್ಲಿ ಊರಿಗೆ ಹೋಗುವವರು ಅಪ್ಪ ಅಮ್ಮಂದಿರ ಬಚ್ಚಲನ್ನು ಒಮ್ಮೆ ನೋಡಿ ಬನ್ನಿ ಎನ್ನುತ್ತೇನೆ. ಯಂತ್ರ ಬದಲಾಯಿಸುವುದು ಆಮೇಲಿನ ಮಾತು. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವಲ್ಲಿ ಹಾಕಿಸಿ ಪೈಪು ಮಾತ್ರ ಒಳಗೆ ತರುವುದು ಅರ್ಧ ದಿನದ ಕೆಲಸ. ಗಾಳಿಗಿಂಡಿಯ ರಟ್ಟು ಕೀಳುವುದಕ್ಕೆ ಅಷ್ಟೂ ಬೇಡ. ಹೀಟ್ ಪಂಪು ಹಾಕಿಸುವವರು ಬೋರ್‌ವೆಲ್ಲಿನ ಗಡಸು ನೀರಾದರೆ ಟ್ಯಾಂಕಿನೊಳಗಿನ ಮೆಗ್ನೀಷಿಯಂ ಸರಳನ್ನು ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದೂ, ನಿಮ್ಮೂರಿನಲ್ಲಿ ಅದನ್ನು ರಿಪೇರಿ ಮಾಡುವವರಿದ್ದಾರೆಯೇ ಎಂದೂ ಮೊದಲೇ ಕೇಳಿಕೊಳ್ಳಿ. ಎರಡನೆಯ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರವನ್ನು ಅರ್ಧ ಮಾತ್ರ ನಂಬಿ.

ನನ್ನ ಹೆಂಡತಿಯ ಅಣ್ಣನದು ಬೆಂಗಳೂರಿನಲ್ಲಿ ಒಂಬತ್ತನೇ ಮಹಡಿಯ ಫ್ಲಾಟು. ಅಲ್ಲಿ ಇಷ್ಟು ದೊಡ್ಡ ಟ್ಯಾಂಕು ಇಡಲು ಜಾಗವಿಲ್ಲ, ತಾರಸಿ ಅಸೋಸಿಯೇಷನ್ನಿನದು. ಸದ್ಯಕ್ಕೆ ಅವರು ಗ್ಯಾಸ್ ಗೀಸರನ್ನು ಬಚ್ಚಲಿನಿಂದ ಕಿತ್ತು ಯುಟಿಲಿಟಿಯ ಜಾಲರಿ ಗೋಡೆಗೆ ಹಾಕಿಸಿದ್ದಾರೆ. ಮಳೆ ಎರಚಲು ಹೊಡೆದಾಗ ಉರಿ ಆರುತ್ತದೆ ಎಂದು ಅತ್ತಿಗೆ ಗೊಣಗುತ್ತಾರೆ. ಜಾಲರಿಗೆ ಗಾಜು ಹಾಕಿಸುತ್ತೇನೆ ಎಂದು ಅಣ್ಣ ಹೊರಟಿದ್ದರು. ಬೇಡವೆಂದು ಹೋದ ಶುಕ್ರವಾರ ಅಪ್ಪನೇ ಫೋನು ಮಾಡಿ, ಘನ ಮೀಟರಿನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದರಂತೆ. ಮುಕ್ಕಾಲು ಗಂಟೆ.